ಮಂಡಿ ಕೆಲಸ ಬಿಡಬೇಡ ಮಗಾ

ಪ್ರೀತಿಯ ಮಗನಿಗೆ, ಕರ್ತನ ನಾಮದಲ್ಲಿ ದೊಡ್ಡಮ್ಮನ ವಂದನೆಗಳು.

ಯೌವನಸ್ಥರ ಕೂಟದಲ್ಲಿ ನೀನು ಮುಂದೆ ಹೋಗಿ ಮೊಣಕಾಲೂರಿ ನಿನ್ನನ್ನು ಕರ್ತನಿಗೆ ಒಪ್ಪಿಸಿಕೊಟ್ಟೆ ಅಂತ ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ತುಂಬಾ ಸಂತೋಷ ಆಯ್ತು. ಆದರೆ ಅದರ ಹಿಂದೆಯೇ ಟೊಮೆಟೊ ಮಂಡಿಯ ಕೆಲಸ ಬಿಡುತ್ತೇನೆ, ಅಲ್ಲಿದ್ದುಕೊಂಡು ಪರಿಶುದ್ಧವಾಗಿ ಬದುಕೋಕೆ ಆಗಲ್ಲ ಅಂತಲೂ ಹೇಳಿದೆಯಂತೆ. ಅದಕ್ಕೇ ಈ ಪತ್ರ.

ಬೈಬಲಿನಲ್ಲಿ ಯಾಜಕಕಾಂಡ 19ನೇ ಅಧ್ಯಾಯ ತೆಗೆದು ಓದು. ನಾನು ಪರಿಶುದ್ಧನು, ನೀವೂ ಪರಿಶುದ್ಧರಾಗಿರಿ ಅಂತ ದೇವರು ಶುರುಮಾಡುತ್ತಾನೆ. ಆಮೇಲೆ ಏನು ಹೇಳುತ್ತಾನೆ ನೋಡು. ಹೊಲ ಕೊಯ್ಯುವಾಗ ಮೂಲೆ ತನಕ ಬಳಿದುಕೊಳ್ಳಬೇಡ, ಬಡವರಿಗೆ ಬಿಡು. ಕೂಲಿಯವನ ಕೂಲಿ ರಾತ್ರಿಯೆಲ್ಲ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ. ತಕ್ಕಡಿ, ತೂಕದ ಕಲ್ಲು, ಅಳತೆ ಸರಿಯಾಗಿರಲಿ. ಇದು ನಮ್ಮ ಎಪಿಎಂಸಿ ಯಾರ್ಡಿಗೇ ಬರೆದ ಹಾಗಿದೆ, ಅಲ್ವಾ? ಹಳೇ ಒಡಂಬಡಿಕೆ ತಾನೇ ಅನ್ನಬೇಡ, ಯೇಸುವಿನ ಶಿಷ್ಯ ಪೇತ್ರನು ತನ್ನ ಮೊದಲನೇ ಪತ್ರದಲ್ಲಿ ಪರಿಶುದ್ಧರಾಗಿರಿ ಅನ್ನುವ ಅದೇ ಮಾತನ್ನು ಎತ್ತಿ ವಿಶ್ವಾಸಿಗಳಿಗೆ ಹೇಳುತ್ತಾನೆ, ಅದೂ ನಿಮ್ಮ ಎಲ್ಲಾ ನಡತೆಯಲ್ಲಿ ಅಂತ. ಭಾನುವಾರದ ನಡತೆಯಲ್ಲಿ ಅಂತಲ್ಲ.

ಹಾಗಾಗಿ ನೀನು ಕರ್ತನಿಗೆ ಒಪ್ಪಿಸಿಕೊಟ್ಟದ್ದು ಮೊದಲು ಕಾಣಬೇಕಾದದ್ದು ನೀನು ಬರೆಯುವ ಚೀಟಿಯಲ್ಲಿ. 15 ಕೆಜಿ ಬಾಕ್ಸ್ ಅಂದರೆ 15 ಕೆಜಿ. ಶ್ರೀನಿವಾಸಪುರದ ಕಡೆಯಿಂದ ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಲು ತಂದ ರೈತ ಹರಾಜು ಮುಗಿದ ಮೇಲೆ ನಿನ್ನ ಮೇಜಿನ ಮುಂದೆ ನಿಂತಿರುತ್ತಾನೆ, ಅವನಿಗೆ ಓದೋಕೆ ಬರದೇ ಇರಬಹುದು, ನೀನು ಬರೆದದ್ದೇ ಅವನಿಗೆ ಲೆಕ್ಕ. ಕೂಗಿದ ರೇಟೇ ಅಲ್ಲಿರಬೇಕು. ಹಮಾಲಿಯ ಕೂಲಿ ನಾಳೆ ನೋಡೋಣ ಅಂತ ಅವನನ್ನು ಕಳಿಸಬೇಡ.

ಆಸ್ಪತ್ರೆಯಲ್ಲಿ ನನ್ನ ಜೊತೆ ಒಬ್ಬ ಸಿಸ್ಟರ್ ಇದ್ದಳು. ಅವಳು ಸಭೆಯಲ್ಲಿ ಎದ್ದು ನಿಂತು ದೇವರ ಬಗ್ಗೆ ಸಾಕ್ಷಿ ಹೇಳಿದ್ದನ್ನು ನಾನು ಕಂಡಿಲ್ಲ. ಆದರೆ ನಡುರಾತ್ರಿಯಲ್ಲಿ, ಯಾರೂ ನೋಡದಿದ್ದಾಗಲೂ, ಹಿಂದಿನ ಅಂಕಿ ನೋಡಿ ಜ್ವರದ ಚಾರ್ಟ್ ತುಂಬುತ್ತಿರಲಿಲ್ಲ. ಪ್ರತಿ ಮಂಚದ ಹತ್ತಿರ ಹೋಗಿ ಥರ್ಮಾಮೀಟರ್ ಇಟ್ಟು ನೋಡಿಯೇ ಬರೆಯುತ್ತಿದ್ದಳು. ನಾನು ಪರಿಶುದ್ಧತೆ ಅಂತ ನೋಡಿದ್ದು ಅದನ್ನೇ.

ನಮ್ಮ ಮೆಥಡಿಸ್ಟ್ ಸಭೆಯವರ ಮೂಲಪುರುಷ ಜಾನ್ ವೆಸ್ಲಿ 1743ರಲ್ಲಿ ತನ್ನ ಸಂಘದವರಿಗೆ ನಿಯಮ ಬರೆದುಕೊಟ್ಟಾಗ ಕುಡಿತ, ಜಗಳ ಬೇಡ ಅಂದದ್ದರ ಜೊತೆಗೇ ಕೊಳ್ಳುವಾಗ ಮಾರುವಾಗ ಜಾಸ್ತಿ ಮಾತು ಬೇಡ, ಸುಂಕ ಕಟ್ಟದ ಸರಕು ಮುಟ್ಟಬೇಡಿ ಅಂತಲೂ ಸೇರಿಸಿದ್ದ. ಮಂಡಿಯಲ್ಲಿ ಕಡಿಮೆ ಮಾತಾಡಿ ವ್ಯಾಪಾರ ಮಾಡೋದು ಎಷ್ಟು ಕಷ್ಟ ಅಂತ ನಿನಗೇ ಗೊತ್ತು!

ಪ್ರಾರ್ಥನೆ ಬೇಡ ಅನ್ನುತ್ತಿಲ್ಲ. ಬೈಬಲಿನಲ್ಲಿ ಬರುವ ದಾನಿಯೇಲ, ರಾಜನ ಅಧಿಕಾರಿ, ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ಆದರೆ ಅವನ ವೈರಿಗಳು ಮೊದಲು ಹುಡುಕಿದ್ದು ಅವನ ರಾಜ್ಯದ ಕೆಲಸದಲ್ಲಿ ತಪ್ಪು. ಅಲ್ಲಿ ಏನೂ ಸಿಗದೇ ಹೋದ ಮೇಲೆ ತಾನೇ ಅವನ ಪ್ರಾರ್ಥನೆ ಹಿಡಿದುಕೊಂಡದ್ದು? ನೀನೂ ಮಂಡಿಗೆ ಹೊರಡುವ ಮೊದಲು ಹತ್ತು ನಿಮಿಷ ವಾಕ್ಯ ಓದು, ಪ್ರಾರ್ಥನೆ ಮಾಡು. ರಾತ್ರಿ ಫೋನನ್ನು ಹಾಸಿಗೆಗೆ ತರಬೇಡ. ಯಾಕೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಉಪವಾಸ ಮಾಡಿದ ದಿನ ನಿಮ್ಮಮ್ಮನ ಮೇಲೆ ಸಿಡುಕಬೇಡ. ಇನ್ನೊಂದು, ಪ್ರಾರ್ಥನಾ ವಿಷಯ ಅಂತ ಹೆಸರಿಟ್ಟು ಬೇರೆಯವರ ಮನೆ ಸುದ್ದಿ ಹರಡುವವರು ನಮ್ಮ ಸಭೆಯಲ್ಲೇ ಇದ್ದಾರೆ, ಅವರ ಜೊತೆ ಕೂರಬೇಡ. ಚಾಡಿ ಹೇಳಬಾರದು ಅನ್ನೋದೂ ಯಾಜಕಕಾಂಡದ ಅದೇ ಅಧ್ಯಾಯದಲ್ಲಿದೆ.

ಮಾಲೀಕರು ರೈತನಿಗೆ ಕೊಡುವ ಬಿಳಿ ಚೀಟಿಯಲ್ಲಿ ಒಂದು ಲೆಕ್ಕ, ಪುಸ್ತಕದಲ್ಲಿ ಇನ್ನೊಂದು ಬರಿ ಅಂದರೆ? ಮರ್ಯಾದೆಯಿಂದ ಆಗಲ್ಲ ಅನ್ನು. ಬೇರೆಯವರ ಮುಂದೆ ಉಪದೇಶ ಮಾಡೋಕೆ ಹೋಗಬೇಡ, ಅವರೊಬ್ಬರೇ ಇದ್ದಾಗ ಹೇಳು. ಅದಕ್ಕೇ ನಿನ್ನನ್ನು ತೆಗೆದುಹಾಕಿದರೆ ಆಗ ಸಂತೋಷವಾಗಿ ಎದ್ದು ಬಾ, ಮುಂದಿನ ದಾರಿ ನಾನೂ ದೊಡ್ಡಪ್ಪನೂ ನಿನ್ನ ಜೊತೆ ಕೂತು ನೋಡುತ್ತೇವೆ. ಅಲ್ಲಿಯ ತನಕ ನಾಳೆ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗು.

ನಿನ್ನ ದೊಡ್ಡಮ್ಮ, ಕೋಲಾರ