ಬೀದರ್ ಕಂದಕಕ್ಕೆ ಕೆರೆಯ ಟೆಂಡರ್ ಬೇಡ

ಸಂಪಾದಕರೇ,

ಕೋಟೆ ಕಂದಕಗಳ ಹೂಳೆತ್ತಿ, ನೀರು ನಿಲ್ಲಿಸಿ, ದೋಣಿ ಬಿಡಬೇಕೆಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಹೂಳು ತೆಗೆಯಲಿ, ಬೇಡ ಎನ್ನುವವರು ಯಾರು? ಆದರೆ ಕೆರೆಯ ಹೂಳೆತ್ತುವ ಟೆಂಡರನ್ನೇ ಹೆಸರು ಬದಲಿಸಿ ಕಂದಕಕ್ಕೂ ಕರೆದರೆ ಗೋಡೆ ಉಳಿಯುವುದು ಕಷ್ಟ.

ಬೀದರ್ ಕೋಟೆಯನ್ನೇ ನೋಡಿ. ಬಹಮನಿ ಸುಲ್ತಾನ ಅಹಮದ್ ಶಾ 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಎದ್ದ ಕೋಟೆಯಿದು. ಉತ್ತರಕ್ಕೂ ಪೂರ್ವಕ್ಕೂ ಪ್ರಸ್ಥಭೂಮಿಯ ಕಡಿದಾದ ಅಂಚಿನ ಕಾವಲಿದೆ. ಸಮನೆಲವಿರುವ ದಕ್ಷಿಣದಲ್ಲಿ ಮೂರು ಸಾಲು ಕಂದಕ. ಇದು ಜಂಬಿಟ್ಟಿಗೆ ಬಂಡೆಯಲ್ಲೇ ಕಡಿದದ್ದು. ಸಾಲುಗಳ ನಡುವೆ ಬಂಡೆಯನ್ನೇ ಗೋಡೆಯಾಗಿ ಬಿಟ್ಟಿದ್ದಾರೆ. ಸೌದೆ ಹೊರೆ, ಮಣ್ಣಿನ ಮೂಟೆ ಸುರಿದು ಕಂದಕ ಮುಚ್ಚಲು ಬಂದವರು ಅದೇ ಕೆಲಸವನ್ನು ಮೂರು ಸಲ ಮಾಡಬೇಕು, ಅದೂ ಬುರುಜಿನ ಕಣ್ಣೆದುರು. ಸುರಂಗ ತೋಡುವವರು ತಳಕ್ಕಿಂತಲೂ ಕೆಳಗಿಳಿದು ಬರಬೇಕು.

ಅಪಾಯವಿರುವುದು ಈ ನಡುಗೋಡೆಗಳಿಗೇ. ಒಂದು ಸಾಲಿನಲ್ಲಿ ಮೂರು ಮೀಟರ್ ನೀರು ನಿಂತು ಪಕ್ಕದ ಸಾಲು ಬರಿದಾಗಿದ್ದರೆ, ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು ನಾಲ್ಕೂವರೆ ಟನ್ ಒತ್ತಡ ಬೀಳುತ್ತದೆ. ಜಂಬಿಟ್ಟಿಗೆಯೋ ತೂತುತೂತಿನ ಕಲ್ಲು, ನೀರು ಕುಡಿದಷ್ಟೂ ಬಲ ಕಳೆದುಕೊಳ್ಳುತ್ತದೆ. ಪಂಪ್ ಹಾಕಿ ಒಂದೇ ಸಲ ನೀರು ಖಾಲಿ ಮಾಡುವುದೂ ಕೆಟ್ಟದ್ದೇ: ಕಂದಕದ ಅಂಚಿನ ಗೋಡೆಯ ಹಿಂದಿನ ಮಣ್ಣು ಒದ್ದೆಯಾಗಿಯೇ ಇರುತ್ತದೆ, ಮುಂದಿನ ನೀರಿನ ಆಸರೆ ತಪ್ಪುತ್ತದೆ, ಗೋಡೆ ಮುಂದಕ್ಕೆ ಬಾಗಬಹುದು.

ಹೂಳಿನ ವಿಷಯದಲ್ಲೂ ಇದೇ ಲೆಕ್ಕ. ಎಷ್ಟೋ ವರ್ಷದಿಂದ ಗೋಡೆಯ ಬುಡಕ್ಕೆ ಒರಗಿಕೊಂಡಿರುವ ಮಣ್ಣನ್ನು ಉದ್ದಕ್ಕೂ ಒಟ್ಟಿಗೆ ಎತ್ತಬಾರದು. ಮೊದಲು ಅಲ್ಲಲ್ಲಿ ಒಂದು ಮೀಟರ್ ಚೌಕದ ಗುಂಡಿ ತೋಡಿ ಮೂಲ ತಳ ಎಲ್ಲಿದೆ ಎಂದು ಗುರುತಿಸಬೇಕು. ಅದರ ಕೆಳಗೆ ಒಂದು ಬುಟ್ಟಿ ಮಣ್ಣೂ ತೆಗೆಯಬಾರದು. ಆಮೇಲೆ ಹತ್ತು ಮೀಟರಿನ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ ಕೆಲಸ. ಜೆಸಿಬಿ ಕಂದಕದ ನಡುವಿಗಷ್ಟೇ. ಗೋಡೆಯಿಂದ ಎರಡು ಮೀಟರ್ ಒಳಗೆ ಗುದ್ದಲಿ, ಬುಟ್ಟಿಯೇ ಆಗಬೇಕು. ಬಕೆಟ್ಟಿನ ಹಲ್ಲು ಒಮ್ಮೆ ತಾಗಿದರೂ ಬಂಡೆಯಲ್ಲಿ ಬಿರುಕು ಬಿಡಬಹುದು. ತೆಗೆದ ಹೂಳನ್ನು ಜರಡಿ ಹಿಡಿಯದೆ ಹೊಲಕ್ಕೋ ಇಟ್ಟಿಗೆ ಭಟ್ಟಿಗೋ ಸಾಗಿಸಬಾರದು. ಮಡಕೆ ಚೂರು, ಗುಂಡು, ನಾಣ್ಯ ಸಿಗುವುದು ಅದರಲ್ಲೇ.

ಗೋಡೆಯಲ್ಲಿ ಬೇರುಬಿಟ್ಟ ಅರಳಿ, ಆಲದ ಗಿಡ ಕೀಳಬೇಡಿ. ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡ ಕತ್ತರಿಸಿ, ಔಷಧ ಹಚ್ಚಿ, ಒಣಗಿದ ಮೇಲೆ ಸಂದನ್ನು ಸುಣ್ಣದ ಗಾರೆಯಿಂದ ತುಂಬಿಸಿ. ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಕಲ್ಲೇ ಪುಡಿಯಾಗುತ್ತದೆ.

ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿದೆ. ಪ್ರಾಚೀನ ಸ್ಮಾರಕಗಳ ರಕ್ಷಣೆಯ 1958ರ ಕಾಯ್ದೆಯಡಿ ಅದರ ಅನುಮತಿ, ಮೇಲ್ವಿಚಾರಣೆ ಇಲ್ಲದೆ ಯಂತ್ರ ಇಳಿಸುವ ಪ್ರಶ್ನೆಯೇ ಬರಬಾರದು. ದೋಣಿಗೆ ಜಿಲ್ಲೆಯಲ್ಲಿ ಕಾರಂಜಾ ಜಲಾಶಯವೇ ಇದೆಯಲ್ಲ.

ಇಂತಿ,
ಒಬ್ಬ ಓದುಗ, ಬೀದರ್