ಕೆಮ್ಮಿನ ಕ್ಯಾಸೆಟ್

ಬರ್ಮಿಂಗ್‌ಹ್ಯಾಮ್, ಭಾನುವಾರ

ಅವ್ವ, ನಮಸ್ಕಾರ. ನಾವಿಲ್ಲಿ ಆರಾಮ ಇದ್ದೇವೆ. ಅಪ್ಪನಿಗೂ ಕಾಕಾನಿಗೂ ನಮಸ್ಕಾರ ಹೇಳು.

ನಿನ್ನ ಕಾಗದ ಮುಟ್ಟಿತು. ಡ್ಯೂಟಿಯಲ್ಲಿ ತಮ್ಮನ ಬೆರಳಿಗೆ ಪೆಟ್ಟಾದ ಸುದ್ದಿ ಫೋನಿನಲ್ಲೇ ಗೊತ್ತಾಗಿತ್ತು. ಆದರೆ "ಅವತ್ತು ಒಲ್ಲೆ ಅಂದವನನ್ನು ನಾನೇ ಡ್ಯೂಟಿಗೆ ಕಳಿಸಿದೆ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ರಾತ್ರಿ ನಿದ್ದೆ ಹತ್ತಲಿಲ್ಲ.

ಎದ್ದು ಕೂತು ಹಳೇ ಹಾಡು ಹಾಕಿದೆ. ನೆನಪಿದೆಯಾ, ನಾನೂ ತಮ್ಮನೂ ದುರ್ಗದಬೈಲು ಪೇಟೆಯಿಂದ ತಂದಿದ್ದ ಕ್ಯಾಸೆಟ್? ಬ್ಲ್ಯಾಕ್ ಸಬಾತ್ ಅನ್ನುವ ರಾಕ್ ತಂಡದ 'ಮಾಸ್ಟರ್ ಆಫ್ ರಿಯಾಲಿಟಿ', 1971ರದ್ದು. ಶುರುವಿಗೇ ಒಬ್ಬ ಕೆಮ್ಮುತ್ತಾನೆ. ತಮ್ಮನಿಗೇ ಕೆಮ್ಮು ಅಂತ ನೀನು ಕಷಾಯ ಕಾಸಿ ತಂದಿದ್ದೆ! ಕೆಮ್ಮಿದವನು ಗಿಟಾರ್ ಬಾರಿಸುವ ಟೋನಿ ಅಯೋಮಿ. ಇದೇ ಊರಿನವನು. ಆಗ ನಮಗೆ ಗದ್ದಲವೇ ಖುಷಿ. ಈಗ ಆ ಬೆರಳುಗಳೇ ಕೇಳಿಸುತ್ತವೆ.

ಬೆರಳು ಹೋದಾಗ ಟೋನಿಗೆ 17 ವರ್ಷ. ತಗಡಿನ ಕಾರ್ಖಾನೆಯಲ್ಲಿ ಅವತ್ತು ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಬಂದವನು ವಾಪಸ್ ಹೋಗುವುದಿಲ್ಲ ಅಂದ. ಅರ್ಧಕ್ಕೆ ಬಿಡಬೇಡ, ಮುಗಿಸಿ ಬಾ ಅಂತ ಅವರವ್ವ ಕಳಿಸಿದಳು. ಬಲಗೈಯ ಎರಡು ಬೆರಳಿನ ತುದಿ ಮಷೀನಿಗೆ ಸಿಕ್ಕಿ ಹೋದವು. ಅವನು ಎಡಚ, ತಂತಿ ಒತ್ತುವುದೇ ಬಲಗೈಯಲ್ಲಿ. ಅವ್ವ, ಆ ತಾಯಿಯದು ತಪ್ಪು ಅಂತೀಯಾ? ನಿನ್ನದೂ ಅಲ್ಲ. ಇನ್ನೊಮ್ಮೆ ಹಾಗೆ ಬರೆಯಬೇಡ.

ಇನ್ನು ಗಿಟಾರ್ ಮುಗಿಯಿತು ಅಂತ ಅವನು ಕೂತುಬಿಟ್ಟಿದ್ದ. ಕಾರ್ಖಾನೆಯ ಮ್ಯಾನೇಜರ್ ಒಂದು ರೆಕಾರ್ಡ್ ಕೇಳಿಸಿದ. ಬಾರಿಸಿದವನು ಜಾಂಗೋ ರೈನ್‌ಹಾರ್ಟ್, ಸುಟ್ಟ ಕೈಯಲ್ಲಿ ಎರಡೇ ಬೆರಳಿನಿಂದ! ಆಮೇಲೆ ಇವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಮೇಲೆ ಚರ್ಮ ಅಂಟಿಸಿದ. ತೆಳು ತಂತಿ ಕಟ್ಟಿದ. ಈ ಆಲ್ಬಮ್ಮಿನ ಸುಮಾರು ಹಾಡುಗಳಿಗೆ ತಂತಿ ಸಡಿಲಿಸಿ ಶ್ರುತಿಯನ್ನು ಮೂರು ಅರ್ಧಸ್ವರ ಇಳಿಸಿದ. ಬೆರಳಿಗೂ ಹಗುರ ಆಯಿತು, ನಮ್ಮ ಎದೆ ನಡುಗಿಸಿದ ಆ ಭಾರದ ದನಿಯೂ ಬಂತು.

ತಮ್ಮನಿಗೆ ಇಷ್ಟನ್ನು ಓದಿ ಹೇಳು. ಅವನ ಸಿತಾರ್ ಮಾರುವ ಮಾತು ಈಗ ಬೇಡ. ಮೊದಲು ಗಾಯ ಮಾಯಲಿ.

ಇಲ್ಲಿ ಕಾಲುವೆಯ ಸೇತುವೆಗೆ ಈ ತಂಡದ್ದೇ ಹೆಸರು. ನಾಲ್ವರ ಮುಖ ಇರುವ ಬೆಂಚ್ ಇದೆ. 2025ರ ಜುಲೈನಲ್ಲಿ ಹಾಡುಗಾರ ಆಜಿ ಆಸ್ಬರ್ನ್ ತೀರಿಕೊಂಡಾಗ ಜನ ಅಲ್ಲಿ ಹೂವು ರಾಶಿ ಹಾಕಿದರು. ಈ ಜನಕ್ಕೆ ಕಕ್ಕುಲಾತಿ ಇಲ್ಲ ಅಂತ ಕಾಕಾ ಅಂದರೆ ನಂಬಬೇಡ. ಬಸ್ ಇಳಿಯುವಾಗ ಡ್ರೈವರ್‌ಗೂ ಥ್ಯಾಂಕ್ಸ್ ಹೇಳುತ್ತಾರೆ.

ಅಪ್ಪನ ಖಾತೆಗೆ 30,000 ರೂಪಾಯಿ ಹಾಕಿದ್ದೇನೆ. ತಮ್ಮನ ಇಎಸ್‌ಐ ವಿಮೆಯ ಕಾಗದ ಜೋಪಾನ. ನನಗೇನೂ ತೊಂದರೆ ಇಲ್ಲ, ನಿಜವಾಗಿಯೂ ಇಲ್ಲ. ಕೆಲಸ ಜಾಸ್ತಿ ಇಲ್ಲ, ಚಳಿಯೂ ಇಲ್ಲ, ದಿನಾ ರೊಟ್ಟಿ ತಿನ್ನುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಡ್ಯೂಟಿಗೆ ಹೊತ್ತಾಯಿತು. ಡ್ರೆಸ್ಸಿಂಗ್ ಬಿಚ್ಚಿದ ದಿನ ಫೋನ್ ಮಾಡಿಸು.

ನಿನ್ನ ಮಗ