ಸಂಪಿನ ಹತ್ತಿರ ನಿಂತವರಿಗೆ

ಹೋದ ಭಾನುವಾರ ನಮ್ಮ ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿ ಕೆಲಸವನ್ನು ಹೊಸಬರಿಗೆ ಒಪ್ಪಿಸಿದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಮೈಸೂರು ಪೇಟ ಇಟ್ಟರು. ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಇಳಿಯಿತು. ಫೋಟೋದಲ್ಲಿ ನನ್ನ ಮೂಗು, ಬಾಯಿ ಮಾತ್ರ ಕಾಣುತ್ತವೆ. ಕೈಗೆ ಮೈಕ್ ಬರುವ ಹೊತ್ತಿಗೆ ಊಟವೂ ಬಂದಿತ್ತು. ಎಲ್ಲರ ಗಮನ ಬಿಸಿಬೇಳೆ ಬಾತ್ ಕಡೆ. ಎರಡು ಮಾತಾಡಿ ಕೂತುಬಿಟ್ಟೆ. ಹೇಳಬೇಕಾದ ಥ್ಯಾಂಕ್ಸ್ ಎಲ್ಲ ಹಾಗೇ ಉಳಿದವು. ಅದಕ್ಕೇ ಈ ಬರಹ.

2024ರ ಬೇಸಿಗೆಯನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ ಅಂತ ಸರ್ಕಾರವೇ ಘೋಷಿಸಿತ್ತು. ನಾವಿರುವುದು ಬೆಂಗಳೂರಿನ ವರ್ತೂರು ಕಡೆ, 2007ರಲ್ಲಿ ಪಾಲಿಕೆಗೆ ಸೇರಿದ ಹಳ್ಳಿಗಳ ಸೀಮೆ. ಕಾವೇರಿ ನೀರು ಆಗಿನ್ನೂ ನಮ್ಮ ಗೇಟಿನ ತನಕ ಬಂದಿರಲಿಲ್ಲ. ಬೋರ್‌ವೆಲ್ಲು, ಇಲ್ಲದಿದ್ದರೆ ಟ್ಯಾಂಕರು. ಫೆಬ್ರವರಿಯಲ್ಲಿ ಬೋರ್‌ವೆಲ್ ಬರೀ ಗಾಳಿ ಉಗುಳತೊಡಗಿತು. ಮಾರ್ಚ್‌ನಲ್ಲಿ ಜಲಮಂಡಳಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿತು. ತೊಳೆಯೋಕೆ ನೀರಾದರೂ ಎಲ್ಲಿತ್ತು?

ಮೊದಲ ಥ್ಯಾಂಕ್ಸ್ ಎರಡನೇ ಮಹಡಿಯ ಹೆಡ್‌ಮಿಸ್‌ಗೆ. ರಿಟೈರ್ ಆಗಿ ಎಷ್ಟೋ ವರ್ಷವಾದರೂ ನಮಗೆಲ್ಲ ಅವರು ಹೆಡ್‌ಮಿಸ್ಸೇ. ಆಗ ನಾನು ದಿನವಿಡೀ ವಾಟ್ಸಾಪ್‌ನಲ್ಲಿ ಉತ್ತರ ಕೊಡುತ್ತಿದ್ದೆ. ನೀರು ಯಾವಾಗ, ಯಾಕಿಲ್ಲ, ಯಾರ ತಪ್ಪು. ಒಂದು ಉತ್ತರ ಹಾಕಿದರೆ ಹತ್ತು ಪ್ರಶ್ನೆ. ಒಂದು ಸಂಜೆ ಲಿಫ್ಟ್‌ನಲ್ಲಿ ಸಿಕ್ಕವರು ಅಂದರು, “ಅಲ್ಲಮ್ಮ, ಕ್ಲಾಸಿಗೆ ಹೋಗದೆ ಸ್ಟಾಫ್ ರೂಮಲ್ಲಿ ಕೂತು ಪಾಠ ಮಾಡೋಕಾಗುತ್ತಾ? ಕೆಳಗೆ ಹೋಗಿ ನಿಂತ್ಕೊ.” ಮಾರನೇ ದಿನದಿಂದ ಬೆಳಿಗ್ಗೆ ಆರರಿಂದ ಏಳರವರೆಗೆ ಸಂಪಿನ ಪಕ್ಕದ ಬೆಂಚಿನಲ್ಲಿ ಕೂರತೊಡಗಿದೆ. ಏನು ಕೇಳುವುದಿದ್ದರೂ ಇಲ್ಲಿಗೆ ಬನ್ನಿ, ಫೋನಿನಲ್ಲಿ ಉತ್ತರ ಕೊಡಲ್ಲ ಅಂತ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದೆ. ಗುಂಪಿನಲ್ಲಿ ಗುಡುಗುತ್ತಿದ್ದವರು ಎದುರು ಬಂದಾಗ ಅರ್ಧ ದನಿಯಲ್ಲಿ ಮಾತಾಡುತ್ತಿದ್ದರು. ನಾನೂ ಅಷ್ಟೇ ಅನ್ನಿ.

ಆ ಬೆಂಚಿನಿಂದಲೇ ನಮ್ಮ ನೀರು ಬಿಡುವ ಅಣ್ಣನ ಕೆಲಸವನ್ನು ಹತ್ತಿರದಿಂದ ನೋಡಿದ್ದು. ಅದಕ್ಕೂ ಮುಂಚೆ ಅವರು ನನಗೆ ತಿಂಗಳ ಸಂಬಳದ ಪಟ್ಟಿಯಲ್ಲಿ ಒಂದು ಸಾಲು, ಅಷ್ಟೇ. ಅವರ ಹತ್ತಿರ ಒಂದು ಉದ್ದನೆಯ ಕಬ್ಬಿಣದ ಸರಳು ಇತ್ತು. ಅದರ ಮೇಲೆ ಗೇಣಿಗೊಂದರಂತೆ ಬಿಳಿ ಪೇಂಟಿನ ಗೆರೆ. ಸಂಪಿನ ಮುಚ್ಚಳ ಸರಿಸಿ, ಸರಳನ್ನು ತಳ ಮುಟ್ಟುವ ತನಕ ಇಳಿಸಿ, ಮೇಲೆತ್ತಿ, ಎಲ್ಲಿಯವರೆಗೆ ಒದ್ದೆಯಾಗಿದೆ ಅಂತ ಹೆಬ್ಬೆರಳಲ್ಲಿ ಹಿಡಿದು ನೋಡುತ್ತಿದ್ದರು. ಆಮೇಲೆ ಪಂಪ್ ರೂಮಿನ ಗೋಡೆಗೆ ಸೀಮೆಸುಣ್ಣದಲ್ಲಿ ಲೆಕ್ಕ. ಎ ಬ್ಲಾಕಿಗೆ ಎಷ್ಟು ಹೊತ್ತು, ಬಿ ಬ್ಲಾಕಿಗೆ ಎಷ್ಟು ಹೊತ್ತು. ಯಾರ ಶಿಫಾರಸೂ ಆ ಗೋಡೆಯ ಮೇಲೆ ನಡೆಯುತ್ತಿರಲಿಲ್ಲ. ನಮ್ಮ ಮನೆಗೆ ನೆಂಟರು ಬಂದಾಗ ಇನ್ನೊಂದು ಹತ್ತು ನಿಮಿಷ ಬಿಡಿ ಅಂತ ಕೇಳಿದ್ದೆ. “ನಿಮ್ಮ ಬ್ಲಾಕಿಗೂ ಅದೇ ಟೈಮು ಮೇಡಂ,” ಅಂದು ವಾಲ್ವ್ ತಿರುಗಿಸಿ ನಡೆದರು. ಇಡೀ ಬೇಸಿಗೆಯಲ್ಲಿ ಈ ಕಟ್ಟಡವನ್ನು ನಿಜವಾಗಿ ನಡೆಸಿದವರು ಅವರು. ಶಾಲು ಅವರಿಗೆ ಹೋಗಬೇಕಿತ್ತು. ಮನೆಗೆ ಬಂದ ಮೇಲೆ ಕೊಡೋಕೆ ಹೋದೆ. “ಇದನ್ನ ಹೊದ್ಕೊಂಡು ವಾಲ್ವ್ ತಿರುಗಿಸ್ಲಾ?” ಅಂತ ನಕ್ಕು, ಹಣ್ಣಿನ ಬುಟ್ಟಿ ಮಾತ್ರ ಇಸ್ಕೊಂಡರು.

ಟ್ಯಾಂಕರ್ ಓಡಿಸುವ ತಮ್ಮನಿಗೂ ಋಣಿ. ಜಿಲ್ಲಾಡಳಿತ ಆಗ ದರ ನಿಗದಿ ಮಾಡಿತ್ತು. 5 ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ, 12,000ಕ್ಕೆ 1,000, ಜಿಎಸ್‌ಟಿ ಬೇರೆ. ಕಾಗದದ ಮೇಲಿನ ದರಕ್ಕೆ ನೀರು ತರುವವರು ಸಿಗಬೇಕಲ್ಲ. ಈ ಹುಡುಗ ತಂದ. ಸುರಿಯೋ ಮುಂಚೆ ಸರಳು ಇಳಿಸಿ ನೋಡಿಕೊಳ್ಳಿ ಅಂತ ತಾನೇ ಹೇಳುತ್ತಿದ್ದ. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದು. ಬರೋಕಾಗದ ದಿನ ಬೆಳಿಗ್ಗೆಯೇ ಫೋನ್ ಮಾಡುತ್ತಿದ್ದ. “ಅಕ್ಕ, ಇವತ್ತು ಆಗಲ್ಲ, ಬೇರೆ ಕಡೆ ನೋಡ್ಕೊಳ್ಳಿ.” ಆ ದಿನಗಳಲ್ಲಿ “ಬರ್ತೀನಿ, ದಾರಿಯಲ್ಲಿದೀನಿ” ಅಂತ ರಾತ್ರಿವರೆಗೆ ಕಾಯಿಸಿದವರು ಬೇಕಾದಷ್ಟು ಜನ. ಹೊತ್ತಿಗೆ ಸರಿಯಾಗಿ ‘ಇಲ್ಲ’ ಅಂದವನು ಇವನೊಬ್ಬ.

ಮನೆಕೆಲಸಕ್ಕೆ ಬರುವ ಹೆಂಗಸರನ್ನು ಸಭೆಗೆ ಯಾರೂ ಕರೆದಿರಲಿಲ್ಲ. ಅವರ ಓಣಿಗಳಲ್ಲಿ ನಮಗಿಂತ ಕಷ್ಟ ಜಾಸ್ತಿ ಇತ್ತು. ಆದರೂ, ಬಟ್ಟೆ ಒಣಹಾಕುವಾಗ ಪೈಪುಗಳು ಇಳಿಯುವ ಡಕ್ಟ್ ಒಳಗಿಂದ ನೀರು ಹರಿಯುವ ಸದ್ದು ಕೇಳಿಸಿಕೊಂಡು ಬಂದು ಹೇಳಿದ್ದು ಅವರಲ್ಲೊಬ್ಬರು. ಮೇಲಿನ ಮನೆಗೆ ಬೀಗ, ಮಾಲೀಕರು ಅಮೆರಿಕದಲ್ಲಿ. ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ. “ಬೀಗ ಒಡೀರಿ, ಹೊಸ ಬೀಗದ ದುಡ್ಡು ನಾನೇ ಕೊಡ್ತೀನಿ,” ಅಂದರು. ಫ್ಲಶ್ ಟ್ಯಾಂಕ್ ಸೋರುತ್ತಿತ್ತು. ಅದು ನನ್ನ ಮನೆಯಲ್ಲ, ನನಗೇಕೆ ಅಂತ ಆ ಹೆಂಗಸು ಸುಮ್ನೆ ಹೋಗಬಹುದಿತ್ತು. ಬೆಳಿಗ್ಗೆ ನೋಡೋಣ ಅಂತ ಮಾಲೀಕರೂ ಫೋನ್ ಇಡಬಹುದಿತ್ತು. ಇಬ್ಬರಿಗೂ ನಮಸ್ಕಾರ.

ಬಿ ಬ್ಲಾಕಿನ ಒಬ್ಬರು ದಿನಾ ಬೆಂಚಿಗೆ ಬಂದು, “ನಿನ್ನೆ ಎಷ್ಟು ಲೋಡ್ ಬಂತು? ಬಿಲ್ ಎಲ್ಲಿ?” ಅಂತ ಕೇಳುತ್ತಿದ್ದರು. ಕಾಟ ತಡೆಯಲಾರದೆ ಬಿಲ್ಲುಗಳನ್ನೆಲ್ಲ ನೋಟಿಸ್ ಬೋರ್ಡಿಗೆ ಹಾಕತೊಡಗಿದೆವು. ದುಡ್ಡಿನ ಗುಸುಗುಸು ಅಲ್ಲಿಗೆ ನಿಂತಿತು. ಅವರಿಗೆ ನನ್ನ ಮೇಲಿನ ಕೋಪ ಇನ್ನೂ ಇಳಿದಿಲ್ಲ. ಇರಲಿ, ಥ್ಯಾಂಕ್ಸ್ ಸರ್.

ಜಯನಗರದ ಮಳೆ ನೀರು ಕೊಯ್ಲು ಪಾರ್ಕಿಗೆ ನಮ್ಮನ್ನು ಎಳೆದುಕೊಂಡು ಹೋದ ಕಾಲೇಜು ಮಕ್ಕಳಿಗೂ, ಆಮೇಲೆ ಬಂದು ಮಳೆ ನೀರನ್ನು ನೆಲಕ್ಕಿಳಿಸುವ ಇಂಗು ಬಾವಿ ತೋಡಿದ, ಬಾವಿ ತೋಡುವುದೇ ಕಸುಬಾದ ಮಣ್ಣು ವಡ್ಡರ ತಂಡಕ್ಕೂ ಥ್ಯಾಂಕ್ಸ್. ಗುದ್ದಲಿ, ಹಗ್ಗ, ಬಾಂಡ್ಲಿ, ಇಷ್ಟೇ ಅವರ ಸಾಮಾನು. ಒಬ್ಬರು ಒಳಗಿಳಿದು ಅಗೆದರೆ ಮೇಲಿದ್ದವರು ಮಣ್ಣು ಎಳೆಯುತ್ತಿದ್ದರು. ಆಮೇಲೆ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿದರು. ಜೂನ್ 2ರಂದು ಬೆಂಗಳೂರಲ್ಲಿ 111 ಮಿಲಿಮೀಟರ್ ಮಳೆ ದಾಖಲಾಯಿತು, ನೂರು ವರ್ಷಕ್ಕೂ ಹೆಚ್ಚು ಕಾಲದ ಜೂನ್ ದಾಖಲೆ ಮುರಿದು. ಅಷ್ಟು ಮಳೆ 1,000 ಚದರ ಮೀಟರ್ ತಾರಸಿ ಮೇಲೆ ಬಿದ್ದರೆ 1,11,000 ಲೀಟರ್. ಒಂಬತ್ತು ದೊಡ್ಡ ಟ್ಯಾಂಕರ್ ನೀರು, ಬಿಲ್ ಇಲ್ಲದೆ!

ಆ ಅಕ್ಟೋಬರ್ 16ರಂದು ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್, ನಮ್ಮಂಥ 110 ಹಳ್ಳಿಗಳಿಗಾಗಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪ್ ಮಾಡಿಕೊಂಡು ತರುವ ನೀರು. ನಮಗೆ ಕನೆಕ್ಷನ್ ಸಿಕ್ಕಿದ ದಿನ ನೀರು ಬಿಡುವ ಅಣ್ಣನ ಮುಖ ನೋಡಬೇಕಿತ್ತು. ಅವರದು ಮಳವಳ್ಳಿ ಕಡೆ. “ನಾನು ಬಂದು ಇಷ್ಟು ವರ್ಷ ಆದ್ಮೇಲೆ ನಮ್ಮೂರ ನೀರು ಬಂತು ನೋಡಿ,” ಅಂದರು.

ಮನೆಯವರಿಗೆ ಬೇರೆಯಾಗಿ ಹೇಳಿದ್ದೇನೆ. ಆರು ಗಂಟೆಯ ಕಾಫಿಯನ್ನು ಫ್ಲಾಸ್ಕಿನಲ್ಲಿ ಬೆಂಚಿಗೆ ತಂದುಕೊಟ್ಟವರು ಅವರೇ.

ಪಂಪ್ ರೂಮಿನ ಕೀ, ಟ್ಯಾಂಕರ್ ಬಿಲ್ಲಿನ ಫೈಲು, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿಯ ಕಾಗದಪತ್ರ ಎಲ್ಲ ಹೊಸ ಕಾರ್ಯದರ್ಶಿ ಕೈ ಸೇರಿವೆ. ಮನೆಮನೆಗೆ ಮೀಟರ್ ಹಾಕುವ ಕೆಲಸ ಒಂದು ಬಾಕಿ, ಸಿ ಬ್ಲಾಕಿನವರು ಇನ್ನೂ ಒಪ್ಪಿಲ್ಲ. ಹೊಸಬರೂ ಬೆಳಿಗ್ಗೆ ಆರಕ್ಕೆ ಬೆಂಚಿನಲ್ಲಿ ಇರುತ್ತಾರಂತೆ. ಸಿ ಬ್ಲಾಕಿನವರು ದಯವಿಟ್ಟು ಅಲ್ಲಿಗೇ ಹೋಗಿ ಜಗಳ ಆಡಿ.